ರತ್ನಗಂಬಳಿಯ ಅಡಿಹಾಸು

ನಡುಮನೆಯಲ್ಲಿ ಹಾಸಿದ ಜಮಖಾನದ ಬಣ್ಣವನ್ನೂ ಅಂಚಿನ ಕಸುಬನ್ನೂ ಮೆಚ್ಚಿಕೊಳ್ಳುವವರು ಬಹುಮಂದಿ. ಅದರ ತುದಿಯನ್ನೆತ್ತಿ ಕೆಳಗೆ ಏನಿದೆಯೆಂದು ನೋಡುವವರು ಅಪರೂಪ. ಆದರೆ ವಾಚಕರೇ, ಮನೆಯ ಹಿರಿಯರು ಜಾರಿ ಬೀಳುವುದೂ ಬೀಳದಿರುವುದೂ ಎಷ್ಟೋ ಸಲ ಆ ಕಾಣದ ಪದಾರ್ಥವನ್ನೇ ಅವಲಂಬಿಸಿರುತ್ತದೆ. ಅಂಗಡಿಯವರು ಅದನ್ನು ರಗ್ ಪ್ಯಾಡ್ ಎನ್ನುತ್ತಾರೆ. ಇಲ್ಲಿ ಅದನ್ನು ಅಡಿಹಾಸು ಎಂದು ಕರೆಯೋಣ. ಹಾಸು ಎಂಬುದು ನಮ್ಮದೇ ಧಾತು. ಹಾಸಿಗೆ, ಹಾಸುಗಲ್ಲು, ನೇಕಾರನ ಹಾಸುಹೊಕ್ಕು ಎಲ್ಲವೂ ಅದರ ಬಳಗವೇ.

ಹಾಸುವ ವಸ್ತುಗಳಲ್ಲಿ ನಮ್ಮ ಸೀಮೆ ಬಡವಾದುದಲ್ಲ. ಬ್ರಿಟಿಷರ ಸೈನ್ಯಕ್ಕೆ ಸಾಮಾನು ಒದಗಿಸುವ ಕಾರ್ಖಾನೆಗಳು ಹುಣಸೂರಿನಲ್ಲಿದ್ದಾಗ ತೊಗಲಿನ ಪದಾರ್ಥಗಳ ಜೊತೆಗೆ ಕಂಬಳಿಯೂ ಅಲ್ಲಿ ತಯಾರಾಗುತ್ತಿತ್ತು. 1864ರಲ್ಲಿ ಆ ಕಾರ್ಖಾನೆಗಳು ನಿಂತವು. ಊರಿನ ಕಂಬಳಿಯ ಹೆಸರು ಮಾತ್ರ ಆಮೇಲೂ ಬಹುಕಾಲ ಉಳಿಯಿತು. ಸುಮಾರು ನೂರು ವರ್ಷ ಕಳೆದು, 1960–61ರ ಸುಮಾರಿಗೆ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಯೂರಿದರು. ರತ್ನಗಂಬಳಿ ನೇಯುವ ವಿದ್ಯೆಯೂ ಅವರೊಡನೆ ಬಂದಿತು. ಮಗ್ಗದ ಹಾಸಿಗೆ ಅಡ್ಡಲಾಗಿ ಒಂದು ಕಡ್ಡಿಯನ್ನಿಟ್ಟು, ಉಣ್ಣೆಯ ನೂಲನ್ನು ಅದರ ಮೇಲೆ ಸುತ್ತುತ್ತ ಗಂಟು ಹಾಕಿ, ಸಾಲು ಮುಗಿದ ಬಳಿಕ ಆ ಸುತ್ತುಗಳನ್ನು ಚಾಕುವಿನಿಂದ ಕೊಯ್ಯುವುದು ಅವರ ಪದ್ಧತಿ. ಕೊಯ್ದ ತುದಿಗಳೇ ಮೇಲೆ ನಿಂತ ಮೆತ್ತನೆಯ ರೋಮ.

ಒಂದು ಸಂಗತಿಯನ್ನು ಗಮನಿಸಿ. ಟಿಬೆಟ್ಟಿನ ಮನೆಗಳಲ್ಲಿ ಸುಮಾರು ಮೂರಡಿ ಅಗಲ, ಆರಡಿ ಉದ್ದದ ಈ ಕಂಬಳಿಯನ್ನು ಸಾಮಾನ್ಯವಾಗಿ ದಿಂಬಿನಂಥ ಮೆತ್ತೆಯ ಮೇಲೆ ಹಾಸಿ ಕೂರುತ್ತಾರೆ, ಮಲಗುತ್ತಾರೆ. ನಾವು ಅದನ್ನೇ ಕೊಂಡುತಂದು ಬರಿಯ ನೆಲದ ಮೇಲೆ ಹಾಸಿ ನಡೆದಾಡುತ್ತೇವೆ. ಕೆಳಗೆ ಗಟ್ಟಿ ನೆಲ, ಮೇಲೆ ಕಾಲಿನ ಭಾರ; ನಡುವೆ ಸಿಕ್ಕ ಮರಳು ಅರದಂತೆ ನೂಲಿನ ಬುಡವನ್ನು ತೇಯುತ್ತದೆ. ನೇಯ್ಗೆಯಲ್ಲಿ ತಪ್ಪಿಲ್ಲ, ಅದಕ್ಕಿದ್ದ ಮೆತ್ತೆಯನ್ನು ನಾವು ತಪ್ಪಿಸಿದ್ದೇವೆ.

ಜಮಖಾನದಡಿಯಲ್ಲಿ ಚಾಪೆ ಹಾಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಪಂಕ್ತಿಗೆ ಕೂರುವವರಿಗೆ, ಹರಿಕಥೆ ಕೇಳುವವರಿಗೆ ಅದು ಸರಿಯೇ. ನೆಲದ ತಂಡಿ ತಾಗದು. ಆದರೆ ನುಣುಪಾದ ಚಾಪೆ ಕೂರುವವರ ಗೆಳೆಯ, ನಡೆಯುವವರ ವೈರಿ. ಕಾವಿಯ ನೆಲವಾಗಲಿ ಇಂದಿನ ಹೊಳೆಯುವ ಟೈಲ್ಸ್ ಆಗಲಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಜಮಖಾನ ಎಂದರೆ ಜಾರುವುದಕ್ಕೆ ಎರಡು ದಾರಿ. ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಎಷ್ಟೋ ಮಂದಿ ಮೊದಲಿನ ನಡಿಗೆಗೆ ಮರಳುವುದಿಲ್ಲ. ಓಡಾಡುವ ಜಾಗದಲ್ಲಿ ಚಾಪೆಯ ಕೆಲಸ ಚಾಪೆಗಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ತೆಳುವಾದ ಜಮಖಾನಕ್ಕೆ ತೆಳುವಾದ ರಬ್ಬರಿನ ಅಡಿಹಾಸು ಸಾಕು. ಹಿಡಿತವೇ ಅಲ್ಲಿ ಮುಖ್ಯ. ದಪ್ಪ ರತ್ನಗಂಬಳಿಗೆ ಒತ್ತಿ ಮಾಡಿದ ಉಣ್ಣೆಯ ಅಥವಾ ನಾರಿನ ಫೆಲ್ಟ್ ಬೇಕು. ಆದರೆ ಬರಿಯ ಫೆಲ್ಟು ನುಣುಪು ನೆಲವನ್ನು ಹಿಡಿಯದು. ಮೇಲೆ ಫೆಲ್ಟು, ಕೆಳಗೆ ಸಹಜ ರಬ್ಬರು ಅಂಟಿಸಿದ್ದು ಸಿಕ್ಕಿದರೆ ಎರಡು ಅಗತ್ಯವೂ ಒಂದರಲ್ಲೇ ತೀರುತ್ತವೆ. ಸುರುಳಿಯಲ್ಲಿ ಅಗ್ಗವಾಗಿ ಮಾರುವ ಪ್ಲಾಸ್ಟಿಕ್ ಜಾಲರಿಯ ಬಗ್ಗೆ ನನಗೆ ಗೌರವವಿಲ್ಲ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ್ಯ ಕ್ರಮೇಣ ನೆಲಕ್ಕಿಳಿದು, ಪಾಲಿಷ್ ಮಾಡಿದ ನೆಲದಲ್ಲಿ ಹಳದಿಯ ಕಲೆ ಬಿಡುವುದುಂಟು. ಯಾವುದನ್ನೇ ತಂದರೂ ಅಂಗೈಯಗಲದ ತುಂಡೊಂದನ್ನು ಮೂಲೆಯಲ್ಲಿ, ಭಾರದ ಕೆಳಗೆ ಹದಿನೈದು ದಿನವಿಟ್ಟು ಪರೀಕ್ಷಿಸಿರಿ.

ಮನೆಯಲ್ಲಿ ಹಳೆಯ ಕರಿಕಂಬಳಿಯಿದ್ದರೆ ಅದೂ ಮೆತ್ತೆಯಾದೀತು. ರತ್ನಗಂಬಳಿ ಎಂಬ ಸಮಾಸದಲ್ಲೇ ಕಂಬಳಿ ಕೂತಿದೆಯಷ್ಟೆ. ಆದೇಶಸಂಧಿಯಿಂದ ಕಕಾರ ಗಕಾರವಾಗಿದೆ, ಅಷ್ಟೇ ವ್ಯತ್ಯಾಸ. ಉಣ್ಣೆ ಉಣ್ಣೆಯನ್ನು ಚೆನ್ನಾಗಿ ಹಿಡಿಯುತ್ತದೆ. ಕಂಬಳಿಯ ಕೆಳಗೆ ಮಾತ್ರ ರಬ್ಬರು ಇರಲೇಬೇಕು. ಇನ್ನೊಂದು ಎಚ್ಚರಿಕೆ: ನಾಡಕಂಬಳಿಗೆ ಬಿರುಸು ಬರಲೆಂದು ಹುಣಸೆಬೀಜದ ಗಂಜಿ ಹಾಕುವ ವಾಡಿಕೆಯುಂಟು. ತೇವ ತಾಗಿದರೆ ಆ ಗಂಜಿಯೇ ಬೂಷ್ಟಿಗೂ ಹುಳುವಿಗೂ ಔತಣ. ಆದ್ದರಿಂದ ಮೊದಲು ತೊಳೆದು ಗಂಜಿ ತೆಗೆದು, ಚೆನ್ನಾಗಿ ಒಣಗಿಸಿ ಹಾಸಬೇಕು.

ಅಳತೆಗೆ ಬಂದರೆ, ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಗೆ ಇಲ್ಲಿ ಸ್ವಲ್ಪ ತಿದ್ದುಪಡಿ ಬೇಕು: ಅಡಿಹಾಸು ಮೇಲುಹಾಸಿಗಿಂತ ಪ್ರತಿ ಪಕ್ಕದಲ್ಲೂ ಒಂದು ಅಂಗುಲ ಕಡಮೆಯಿರಲಿ. ಮೂರಡಿ–ಆರಡಿಯ ಕಂಬಳಿಗೆ ಎರಡಡಿ ಹತ್ತಂಗುಲ, ಐದಡಿ ಹತ್ತಂಗುಲದ ಅಡಿಹಾಸು. ಗೊಂಡೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆಗ ಅಂಚು ನೆಲಕ್ಕೆ ಒರಗಿ ಮಲಗುತ್ತದೆ, ಕಾಲಿಗೆ ಎಡವುವುದಿಲ್ಲ. ಬಾಗಿಲ ಬಳಿ ಹಾಸುವುದಾದರೆ ಕದ ಉಜ್ಜದೆ ತೆರೆಯುವಷ್ಟೇ ದಪ್ಪದ್ದನ್ನು ಆರಿಸಿ.

ನಮ್ಮ ಕಡೆ ಈ ವಸ್ತುವಿನ ದೊಡ್ಡ ಶತ್ರು ತೇವ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಮುಂಗಾರು ಹಿಡಿದರೆ ಬಟ್ಟೆಯೇ ಒಣಗದು. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲೂ ಹಳೆಯ ಮನೆಗಳ ನೆಲ ನೀರು ಎಳೆಯುವುದುಂಟು. ಅನುಮಾನವಿದ್ದರೆ ಒಂದು ಮೊಳದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕು ಕಡೆಯೂ ಅಂಟುಪಟ್ಟಿಯಿಂದ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಿ. ಒಳಗೆ ಹನಿ ಕಟ್ಟಿದರೆ ಆ ಜಾಗದಲ್ಲಿ ರಬ್ಬರಿನ ಅಡಿಹಾಸೂ ಬೇಡ, ರತ್ನಗಂಬಳಿಯೂ ಬೇಡ. ಇನ್ನು ದಿನವೂ ನೆಲ ಒರೆಸುವ ನಮ್ಮ ಅಭ್ಯಾಸ. ಒದ್ದೆಬಟ್ಟೆ ಅಂಚಿನವರೆಗೆ ಬಂದು ನಿಲ್ಲುತ್ತದೆ, ನೀರು ಒಳಗೆ ಹರಿಯುತ್ತದೆ. ಒರೆಸುವ ಮುಂಚೆ ಅಂಚನ್ನು ಮಡಿಸಿಟ್ಟು, ನೆಲ ಪೂರ್ತಿ ಆರಿದ ಮೇಲೆ ಬಿಡಿಸುವಂತೆ ಮನೆಗೆಲಸದವರಿಗೆ ಹೇಳಿ, ಎರಡು ದಿನ ನಾವೇ ಮಾಡಿ ತೋರಿಸಿದರೆ ರೂಢಿಯಾಗುತ್ತದೆ.

ತಿಂಗಳಿಗೊಮ್ಮೆಯಾದರೂ ಎರಡನ್ನೂ ಎತ್ತಬೇಕು. ಉಣ್ಣೆ ತಿನ್ನುವ ಹುಳುಗಳು ಕತ್ತಲನ್ನೂ ಅಲುಗದ ಜಾಗವನ್ನೂ ಬಯಸುತ್ತವೆ. ಬೇವಿನೆಲೆ ಇಟ್ಟೆವೆಂದು ಎತ್ತುವುದನ್ನು ಬಿಡುವುದು ಸರಿಯಲ್ಲ. ಕಂಬಳಿಯನ್ನು ಹಿಂಬದಿಯಿಂದ ತಟ್ಟಿ ಎಳೆಬಿಸಿಲಿಗೆ ಒಡ್ಡಿ. ರಬ್ಬರನ್ನು ಬಿಸಿಲಿಗೆ ಹಾಕಬೇಡಿ, ಬಿರುಕು ಬಿಡುತ್ತದೆ. ಸ್ವಲ್ಪ ಸಾಬೂನಿನ ನೀರಿನಲ್ಲಿ ಒರೆಸಿ ನೆರಳಿನಲ್ಲಿ ಆರಿಸಿ. ಧೂಳು ಕೂತ ರಬ್ಬರಿಗೆ ಹಿಡಿತವಿರದು. ಮತ್ತೆ ಹಾಸಿದ ಮೇಲೆ ಒಂದು ಕಾಲಿನಿಂದ ಅಂಚನ್ನು ತಳ್ಳಿ ನೋಡಿ, ಅಲುಗಬಾರದು. ಎತ್ತಿಡುವಾಗ ಮಡಿಸದೆ ಸುರುಳಿ ಸುತ್ತಿ. ನೆಲದಲ್ಲಿ ಪುಡಿ ಉದುರಿದ್ದು ಕಂಡರೆ ಆ ರಬ್ಬರಿನ ಆಯುಷ್ಯ ಮುಗಿಯಿತೆಂದು ತಿಳಿದು ಅಂದೇ ತೆಗೆಯಿರಿ. ಹೊಸದು ಬರುವ ತನಕ ಜಮಖಾನವನ್ನೂ ಸುತ್ತಿ ಗೋಡೆಗೆ ಒರಗಿಸಿಡಿ.