ದತ್ತುಶಿಶುವನ್ನು ಬಯಸುವ ಕ್ರೈಸ್ತ ದಂಪತಿಗಳು ಮೊದಲು ತಿಳಿಯತಕ್ಕ ಸಂಗತಿಗಳು

ಈ ಶಾಲೆಯಲ್ಲಿ ಓದಿ ಈಗ ಸಂಸಾರವಂದಿಗರಾಗಿರುವ ಸಹೋದರಿಯರಲ್ಲಿ ಕೆಲವರಿಗೆ ದೇವರು ಗರ್ಭಫಲವನ್ನು ಅನುಗ್ರಹಿಸಿಲ್ಲ. ಮತ್ತೆ ಕೆಲವರು ತಮಗೆ ಸ್ವಂತ ಮಗುವಿದ್ದರೂ ದಿಕ್ಕಿಲ್ಲದ ಒಂದು ಕೂಸಿಗೆ ಮನೆಯಲ್ಲಿ ಎಡೆಕೊಡಬೇಕೆಂದು ಹಂಬಲಿಸುವರು. ಇಂಥವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆಯು, “ಕೂಸು ಎಲ್ಲಿ ಸಿಕ್ಕೀತು?” ಎಂಬುದೇ. ಆದರೆ ಮೊದಲು ಕೇಳತಕ್ಕ ಪ್ರಶ್ನೆಯು ಬೇರೆ. ಅದೇನೆಂದರೆ, “ಆ ಕೂಸು ಕಾಯಿದೆಯ ಪ್ರಕಾರ ನಮ್ಮ ಮಗುವಾಗುವುದು ಹೇಗೆ?” ಎಂಬುದು. ಇದನ್ನು ತಿಳಿಯದೆ ಪ್ರೀತಿಯೊಂದನ್ನೇ ನಂಬಿ ಹೊರಟವರು ಕಡೆಗೆ ಆ ಮಗುವಿಗೇ ಕೇಡನ್ನು ಮಾಡಿದಂತಾಗುವುದುಂಟು.

ಅನ್ಯರ ಮಗುವನ್ನು ತನ್ನದಾಗಿ ಸಾಕುವುದು ನಮ್ಮ ಮತಕ್ಕೆ ಹೊಸದಲ್ಲ. ಮೋಶೆಯು ಫರೋಹನ ಕುಮಾರ್ತೆಯ ಮಗನಾಗಿ ಬೆಳೆದನು. ತಂದೆತಾಯಿಗಳಿಲ್ಲದ ಎಸ್ತೇರಳನ್ನು ಮೊರ್ದೆಕೈಯು ಮಗಳನ್ನಾಗಿ ಸಾಕಿದನು. ಪೌಲನು ದೇವರಿಗೂ ವಿಶ್ವಾಸಿಗಳಿಗೂ ಇರುವ ಸಂಬಂಧವನ್ನು ವಿವರಿಸುವಾಗ ದತ್ತಸ್ವೀಕಾರದ ಹೋಲಿಕೆಯನ್ನೇ ತೆಗೆದುಕೊಂಡನು. ಹೀಗಿದ್ದರೂ ನಮ್ಮ ದೇಶದ ಕ್ರೈಸ್ತರಿಗೆ ಬಹುಕಾಲ ದತ್ತಕದ ಕಾಯಿದೆಯೇ ಇರಲಿಲ್ಲ. 1956ನೆಯ ಇಸವಿಯ ದತ್ತಕದ ಕಾಯಿದೆಯು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುವಂಥದು. ನಮ್ಮವರು 1890ನೆಯ ಇಸವಿಯ ಪಾಲಕ ಮತ್ತು ಪಾಲ್ಯರ ಕಾಯಿದೆಯ ಮೇರೆಗೆ ಮಗುವಿನ ಪಾಲಕರಾಗಬಹುದಾಗಿತ್ತೇ ಹೊರತು ತಂದೆತಾಯಿಗಳಾಗುವಂತಿರಲಿಲ್ಲ. ಮಗುವು ಪ್ರಾಪ್ತವಯಸ್ಸಿಗೆ ಬಂದೊಡನೆ ಆ ಪಾಲಕತ್ವವು ತೀರಿಹೋಗುವುದು. ಸಾಕಿದವರು ಮರಣಶಾಸನವನ್ನು ಬರೆಯದೆ ತೀರಿಹೋದರೆ ಆಸ್ತಿಯು ರಕ್ತಸಂಬಂಧಿಗಳಿಗೆ ಸೇರಿ, ಇಪ್ಪತ್ತು ವರ್ಷ “ಅಮ್ಮಾ” ಎಂದು ಕರೆದ ಮಗಳು ಬರಿಗೈಯಲ್ಲಿ ನಿಲ್ಲಬೇಕಾಗುವುದು.

ಈ ಕೊರತೆಯನ್ನು ನೀಗಿಸಿದ್ದು ಮಕ್ಕಳ ರಕ್ಷಣೆಗಾಗಿ 2000ನೆಯ ಇಸವಿಯಲ್ಲಿ ಆದ ಬಾಲನ್ಯಾಯ ಕಾಯಿದೆಯು. 2006ರಲ್ಲಿ ಅದನ್ನು ತಿದ್ದಿ, ದತ್ತುಮಗುವಿಗೆ ಸ್ವಂತ ಮಗುವಿನ ಸಕಲ ಹಕ್ಕುಗಳೂ ಉಂಟೆಂದು ಸ್ಪಷ್ಟಪಡಿಸಿದರು. 2014ನೆಯ ಇಸವಿ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು, ಯಾವ ಮತದವರಾದರೂ ಈ ಕಾಯಿದೆಯ ಮೇರೆಗೆ ದತ್ತು ತೆಗೆದುಕೊಳ್ಳಬಹುದೆಂದು ತೀರ್ಪು ಕೊಟ್ಟಿತು. ಈಗ ನಡೆಯುತ್ತಿರುವುದು 2016ನೆಯ ಇಸವಿ ಜನವರಿ 15ರಿಂದ ಜಾರಿಯಲ್ಲಿರುವ 2015ರ ಕಾಯಿದೆ. ಆದುದರಿಂದ ಕ್ರೈಸ್ತ ದಂಪತಿಗಳು ಈಗ ಪೂರ್ಣಾರ್ಥದಲ್ಲಿ ತಂದೆತಾಯಿಗಳಾಗಬಲ್ಲರು.

ಇನ್ನು ಕ್ರಮವನ್ನು ಹೇಳುವೆವು. ದಂಪತಿಗಳು ಮದುವೆಯಾಗಿ ಎರಡು ವರ್ಷವಾದರೂ ಸುಸ್ಥಿರವಾಗಿ ಸಂಸಾರ ನಡಿಸಿರಬೇಕು. ಇಬ್ಬರ ಸಮ್ಮತಿಯೂ ಅವಶ್ಯ. ಎರಡು ವರ್ಷದೊಳಗಿನ ಶಿಶುವನ್ನು ಬಯಸುವುದಾದರೆ ಗಂಡಹೆಂಡಿರ ವಯಸ್ಸು ಸೇರಿ 85ನ್ನು ಮೀರಬಾರದು. ಇಬ್ಬರಲ್ಲಿ ಯಾರಿಗೇ ಆಗಲಿ ಮಗುವಿಗಿಂತ 25 ವರ್ಷವಾದರೂ ಹೆಚ್ಚು ವಯಸ್ಸಾಗಿರಬೇಕು. ಆಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ ವಿಶೇಷ ಆರೈಕೆ ಬೇಕಾದ ಅಥವಾ ಸುಲಭವಾಗಿ ಮನೆ ದೊರೆಯದ ಮಕ್ಕಳನ್ನು ಮಾತ್ರ ಕೊಡುವರು. ಬಂಧುಗಳ ಮಗುವಿಗೂ ಮಲಮಗುವಿಗೂ ಈ ನಿಬಂಧನೆಯಿಲ್ಲ.

ಮೊದಲನೆಯ ಹೆಜ್ಜೆಯು ನೋಂದಣಿ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದವರ ‘ಕೇರಿಂಗ್ಸ್’ ಎಂಬ ಜಾಲತಾಣದಲ್ಲಿ ಹೆಸರನ್ನು ದಾಖಲಿಸಿ, ಭಾವಚಿತ್ರ, ಪ್ಯಾನ್ ಕಾರ್ಡು, ಜನನ, ವಿವಾಹ, ನಿವಾಸ, ಆದಾಯ ಇವುಗಳ ದಾಖಲೆಗಳನ್ನೂ ವೈದ್ಯರ ಪ್ರಮಾಣಪತ್ರವನ್ನೂ ಒದಗಿಸಬೇಕು. ಇದು ತಮ್ಮಿಂದಾಗದೆಂದು ತೋರಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋಗಿ ಸಹಾಯವನ್ನು ಪಡೆಯಬಹುದು.

ಎರಡನೆಯದು ಗೃಹ ಅಧ್ಯಯನ. ಸಮಾಜ ಕಾರ್ಯಕರ್ತರೊಬ್ಬರು ಮನೆಗೆ ಬಂದು, ಆದಾಯ, ಆರೋಗ್ಯ, ಮನೆಯ ಹಿರಿಯರ ಅಭಿಪ್ರಾಯ, ದತ್ತು ಬಯಸುವುದಕ್ಕೆ ಕಾರಣ ಮುಂತಾದುವನ್ನು ವಿಚಾರಿಸಿ ವರದಿ ಬರೆಯುವರು. ಇವರಿಗೆ ಅಂಜಿ ಮನೆಯನ್ನು ಶೃಂಗರಿಸಬೇಕಾದುದಿಲ್ಲ. ಅತ್ತೆಯವರಿಗೆ ಸಮ್ಮತಿಯಿಲ್ಲದಿದ್ದರೆ ಇಲ್ಲವೆಂದೇ ಹೇಳುವುದು ಉತ್ತಮ; ಸಿರಿವಂತಿಕೆಯ ತೋರಿಕೆಗಿಂತ ಸತ್ಯವಾದ ಉತ್ತರವೇ ಮಗುವಿಗೆ ಹಿತಕರ. ಈ ವರದಿಯು ಮೂರು ವರ್ಷಗಳವರೆಗೆ ಸಲ್ಲುವುದು.

ಮೂರನೆಯದು ಕಾಯುವಿಕೆ. ಎಳೆಯ ಶಿಶುಗಳನ್ನು ಬಯಸುವವರು ಬಹುಮಂದಿ, ದತ್ತಿಗೆ ಮುಕ್ತವಾದ ಶಿಶುಗಳು ಸ್ವಲ್ಪ. ಆದಕಾರಣ ಕೆಲವು ವರ್ಷಗಳೇ ಕಾಯಬೇಕಾಗುವುದು. ಸರದಿ ಬಂದಾಗ ಮಗುವಿನ ಚಿತ್ರವನ್ನೂ ಆರೋಗ್ಯದ ವರದಿಯನ್ನೂ ತೋರಿಸುವರು. 48 ಘಂಟೆಗಳೊಳಗೆ ಆ ಮಗುವನ್ನು ತಮಗಾಗಿ ಕಾದಿರಿಸಿಕೊಳ್ಳಬೇಕು. ಅನಂತರ ಸಂಸ್ಥೆಗೆ ಹೋಗಿ ಮಗುವನ್ನು ನೋಡಿ ಒಪ್ಪಿಕೊಂಡರೆ, ಹತ್ತು ದಿವಸಗಳೊಳಗೆ ಅದನ್ನು ದತ್ತಕಪೂರ್ವ ಪೋಷಣೆಗಾಗಿ ಮನೆಗೆ ಕಳುಹಿಸುವರು.

ನಾಲ್ಕನೆಯದು ಆಜ್ಞೆ. ಮೊದಲು ಇದನ್ನು ನ್ಯಾಯಾಲಯವು ಕೊಡುತ್ತಿತ್ತು. 2022ನೆಯ ಇಸವಿ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಗಳೇ ಕೊಡುವರು. ಎರಡು ತಿಂಗಳೊಳಗೆ ಇದು ತೀರ್ಮಾನವಾಗತಕ್ಕದ್ದು. ಈ ಆಜ್ಞೆಯಾದ ಮೇಲೆ ಜನನ ಪ್ರಮಾಣಪತ್ರದಲ್ಲಿ ದತ್ತು ತಂದೆತಾಯಿಗಳ ಹೆಸರೇ ಬರುವುದು. ವಾರಸಿನ ಹಕ್ಕೂ ಪೂರ್ಣವಾಗುವುದು. ಮುಂದೆ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಮಗುವಿನ ಕ್ಷೇಮವನ್ನು ವಿಚಾರಿಸಲು ಬರುವರು.

ನಮ್ಮ ಸಭೆಗಳಲ್ಲಿ ವಿಶೇಷವಾಗಿ ಹೇಳತಕ್ಕ ಮಾತೊಂದುಂಟು. ಆಸ್ಪತ್ರೆಯ ದಾದಿಯೋ, ಪರಿಚಯದ ಮಧ್ಯಸ್ಥರೋ, “ಬಡವಳ ಕೂಸು, ನೀವೇ ತೆಗೆದುಕೊಳ್ಳಿರಿ” ಎಂದು ಕರುಣೆಯಿಂದಲೇ ತಂದುಕೊಟ್ಟರೂ ಅದನ್ನು ತೆಗೆದುಕೊಳ್ಳಲಾಗದು. ಕ್ರಮವನ್ನು ಮೀರಿ ಮಗುವನ್ನು ಕೊಡುವುದೂ ತೆಗೆದುಕೊಳ್ಳುವುದೂ ಮೂರು ವರ್ಷಗಳವರೆಗೆ ಸೆರೆಗೆ ಗುರಿಮಾಡುವ ಅಪರಾಧ. ಹಣ ಕೊಟ್ಟು ಕೊಂಡರೆ ಶಿಕ್ಷೆಯು ಇನ್ನೂ ಹೆಚ್ಚು. ಇಂಥ ಕೂಸಿಗೆ ದೀಕ್ಷಾಸ್ನಾನ ಮಾಡಿಸಿ ಸಭೆಯ ದಪ್ತರದಲ್ಲಿ ತಮ್ಮ ಹೆಸರನ್ನು ಬರೆಯಿಸಿದರೆ ಸಾಕೆಂದು ಭಾವಿಸುವವರಿದ್ದಾರೆ. ದೀಕ್ಷಾಸ್ನಾನವು ದೇವರ ಮುಂದೆ ದೊಡ್ಡದು. ಆದರೆ ಅದು ದತ್ತಕದ ಆಜ್ಞೆಯಲ್ಲ. ಆಜ್ಞೆಯು ಕೈಸೇರಿದ ಮೇಲೆಯೇ ಅದನ್ನು ಮಾಡಿಸುವುದು ವಿವೇಕ. ಅಣ್ಣತಮ್ಮಂದಿರ, ಅಕ್ಕತಂಗಿಯರ ಮಗುವನ್ನು ತೆಗೆದುಕೊಳ್ಳುವವರಿಗೂ ನೋಂದಣಿಯೂ ಜಿಲ್ಲಾಧಿಕಾರಿಗಳ ಆಜ್ಞೆಯೂ ಅವಶ್ಯ; ಮನೆಯೊಳಗಿನ ಮಾತು ಸಾಲದು.

ಈ ವಿಳಂಬವೆಲ್ಲ ಏತಕ್ಕೆಂದು ಕೇಳುವವರು ಹೆತ್ತ ತಾಯಿಯನ್ನು ನೆನೆಯಲಿ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದವಳಿಗೆ ಮನಸ್ಸನ್ನು ಬದಲಿಸಲು 60 ದಿವಸಗಳ ಅವಕಾಶವಿದೆ. ಬಿಟ್ಟುಹೋದ ಶಿಶುವಾದರೆ ಅದರ ಹೆತ್ತವರನ್ನು ಹುಡುಕಿಸಿದ ಬಳಿಕವೇ ದತ್ತಿಗೆ ಮುಕ್ತವೆಂದು ಸಾರುವರು. ಅವಸರದಲ್ಲಿ ತೆಗೆದುಕೊಂಡ ಕೂಸು ಮತ್ತೊಬ್ಬ ತಾಯಿಯ ಕಣ್ಣೀರಾಗಿದ್ದೀತು. ಅಂಥ ಕೂಸಿನಿಂದ ನಮ್ಮ ಮನೆ ಬೆಳಗುವುದೆಂದು ಹೇಗೆ ಹೇಳೋಣ?

ಪೂರ್ವದಲ್ಲಿ ಪಾಲಕರಾಗಿ ಮಕ್ಕಳನ್ನು ಸಾಕಿದ ಹಿರಿಯ ಸಹೋದರಿಯರಿಗೆ ಒಂದು ವಿಜ್ಞಾಪನೆ. ಹದಿನೆಂಟು ತುಂಬಿದವರನ್ನು ಈ ಕಾಯಿದೆಯ ಮೇರೆಗೆ ದತ್ತು ತೆಗೆದುಕೊಳ್ಳುವಂತಿಲ್ಲ. ಆದಕಾರಣ ತಡಮಾಡದೆ ವಕೀಲರನ್ನು ಕಂಡು ಮರಣಶಾಸನವನ್ನು ಬರೆಯಿಸಿರಿ. ಮಕ್ಕಳ ಮೇಲಿನ ಪ್ರೀತಿಯಿಂದ ನೀವು ಮಾಡದೆ ಉಳಿದಿರುವ ಕೆಲಸ ಬಹುಶಃ ಇದೊಂದೇ.

ದತ್ತು ತೆಗೆದುಕೊಂಡ ಸಂಗತಿಯನ್ನು ಮಗುವಿಗೆ ಎಳವೆಯಿಂದಲೇ ಸವಿಮಾತಿನಲ್ಲಿ ತಿಳಿಸಿರಿ. ನೆರೆಯವರ ಬಾಯಿಂದ ಕೇಳಿದರೆ ಅದು ಗಾಯವಾಗುವುದು. ಮೋಶೆಗೆ ತನ್ನ ಜನರು ಯಾರೆಂಬುದು ತಿಳಿದಿತ್ತು. ನಮ್ಮ ಮಕ್ಕಳಿಗೂ ತಮ್ಮ ಕಥೆಯು ತಿಳಿದಿರಲಿ. ಆ ಕಥೆಯ ಮೊದಲನೆಯ ಪುಟದಲ್ಲಿ ಸುಳ್ಳೂ ಕಳವೂ ಇಲ್ಲದಿರಲಿ.