ಕಟ್ಟಿದ ಅರಮನೆಯಲ್ಲ, ಕೊಂಡ ಅರಮನೆ

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಂತಹ ಗಡಿಭಾಗದ ಊರಿನಿಂದ ಮದುವೆಗೋ ವಸ್ತುಪ್ರದರ್ಶನಕ್ಕೋ ರಾಜಧಾನಿಗೆ ಬಂದವರಿಗೂ ಬೆಂಗಳೂರಿನ ಅರಮನೆ ಮೈದಾನ ಪರಿಚಿತ. ಮೈದಾನದಾಚೆ ಕಾಣುವ ಬುರುಜುಗಳ ಕಟ್ಟಡವನ್ನು ಮೈಸೂರು ಒಡೆಯರ ಪಿತ್ರಾರ್ಜಿತ ಅರಮನೆ ಎಂದೇ ಹೆಚ್ಚಿನವರು ಭಾವಿಸಿದ್ದಾರೆ. ವಾಸ್ತವವಾಗಿ ಅದು ರಾಜವಂಶ ಹಣ ಕೊಟ್ಟು ಖರೀದಿಸಿದ ಮನೆ. ಸುಮಾರು ಮೂರು ದಶಕಗಳಷ್ಟು ಬೆಳೆದ ಕಾನೂನು ವಿವಾದವನ್ನು ಅರಿಯಲು ಈ ಖರೀದಿಯ ಹಿನ್ನೆಲೆ ತಿಳಿಯುವುದು ಅಗತ್ಯ.

ಊರೂ ಕ್ರಯಕ್ಕೆ ಬಂದದ್ದೇ

ಯದುರಾಯರು 1399ರಲ್ಲಿ ಸ್ಥಾಪಿಸಿದರೆಂದು ಪರಂಪರೆ ಹೇಳುವ ಒಡೆಯರ ವಂಶ, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಪ್ರಬಲವಾಯಿತು. ಆಗ ಬೆಂಗಳೂರು ಅವರದಾಗಿರಲಿಲ್ಲ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದ ಬಳಿಕ, ಅದು ಕೋಲಾರದೊಂದಿಗೆ ಶಹಾಜಿಯ ಜಹಗೀರಿಗೆ ಸೇರಿತು. 1687ರಲ್ಲಿ ಮೊಗಲರ ಕೈಸೇರಿದ ಊರನ್ನು ಚಿಕ್ಕದೇವರಾಜ ಒಡೆಯರು 3 ಲಕ್ಷ ರೂಪಾಯಿ ತೆತ್ತು ಪಡೆದರೆಂಬುದು ಪ್ರಸಿದ್ಧ ಸಂಗತಿ.

ಮುಂದೆ ಒಡೆಯರ ಅಧಿಕಾರ ಮಸುಕಾಗಲು ಕಾರಣನಾದವನು ಕೋಲಾರ ಸೀಮೆಯವನೇ. ಬೂದಿಕೋಟೆಯಲ್ಲಿ ಜನಿಸಿದ ಹೈದರ್ ಅಲಿ 1761ರ ವೇಳೆಗೆ ರಾಜ್ಯದ ಸೂತ್ರವನ್ನು ಕೈಗೆತ್ತಿಕೊಂಡ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಬ್ರಿಟಿಷರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿದರು. 1831ರಲ್ಲಿ ಆಡಳಿತವನ್ನು ಮತ್ತೆ ತಾವೇ ವಹಿಸಿಕೊಂಡರು.

ಪಾದ್ರಿಯ ಮನೆ, ಬಾಲಕನ ಹಣ

1868ರಲ್ಲಿ ಮುಮ್ಮಡಿಯವರು ನಿಧನರಾದಾಗ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಐದು ವರ್ಷ. ಅಪ್ರಾಪ್ತ ಅರಸನ ಪಾಲನೆ, ಶಿಕ್ಷಣ ಬ್ರಿಟಿಷ್ ಅಧಿಕಾರಿಗಳ ಹೊಣೆಯಾಯಿತು. ಆಡಳಿತ ಕೇಂದ್ರವಾಗಿದ್ದ ಬೆಂಗಳೂರಿನಲ್ಲಿ ಅರಸನಿಗೊಂದು ನಿವಾಸ ಬೇಕಿತ್ತು. ಆಗ ಅವರ ಕಣ್ಣಿಗೆ ಬಿದ್ದದ್ದು ರೆವರೆಂಡ್ ಜಾನ್ ಗ್ಯಾರೆಟ್ ಅವರ ಆಸ್ತಿ.

ಗ್ಯಾರೆಟ್ ಅವರು ವೆಸ್ಲಿಯನ್ ಮಿಷನರಿ. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಶಾಲೆಯ ಮೊದಲ ಪ್ರಾಂಶುಪಾಲರು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಒಳಗೊಂಡ ಭಗವದ್ಗೀತೆಯನ್ನು 1849ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು. ಅವರ ಆಸ್ತಿಯನ್ನು 1873ರಲ್ಲಿ 40 ಸಾವಿರ ರೂಪಾಯಿಗೆ ಖರೀದಿಸಲಾಯಿತು. ಹಣ ಬಂದದ್ದು ಸರ್ಕಾರಿ ಬೊಕ್ಕಸದಿಂದಲ್ಲ, ಹತ್ತು ವರ್ಷದ ಅರಸನ ಸ್ವಂತ ನಿಧಿಯಿಂದ ಎಂಬುದು ಗಮನಾರ್ಹ. 1874ರಿಂದ 1878ರವರೆಗೆ ಟ್ಯೂಡರ್ ಶೈಲಿಯಲ್ಲಿ ಕಟ್ಟಡಕ್ಕೆ ಹೊಸ ರೂಪ ನೀಡಲಾಯಿತು. ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ನಕಲು ಎಂಬ ಜನಜನಿತ ಮಾತಿಗೆ ಈ ಶೈಲಿಯೇ ಮೂಲ. 1881ರಲ್ಲಿ ಅಧಿಕಾರ ಮರಳಿ ಒಡೆಯರ ಕೈಸೇರಿತು.

ಮನೆಯಿಂದ ಮೊಕದ್ದಮೆಗೆ

ಸಂಸ್ಥಾನ ಭಾರತದಲ್ಲಿ ವಿಲೀನಗೊಂಡಾಗ ಬೆಂಗಳೂರು ಅರಮನೆ ಮಹಾರಾಜರ ಖಾಸಗಿ ಆಸ್ತಿಯಾಗಿ ಉಳಿಯಿತು. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು 1974ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ಅದಕ್ಕೆ ಮೂರು ವರ್ಷ ಮೊದಲೇ, 1971ರಲ್ಲಿ, ರಾಜಧನ ರದ್ದಾಗಿತ್ತು.

ನಗರ ಬೆಳೆದಂತೆ ಸುತ್ತಲಿನ ಭೂಮಿ ಚಿನ್ನವಾಯಿತು. 1996ರಲ್ಲಿ ರಾಜ್ಯ ಸರ್ಕಾರ ವಿಶೇಷ ಶಾಸನದ ಮೂಲಕ ಅರಮನೆಯನ್ನೂ ಸುಮಾರು 472 ಎಕರೆ ಭೂಮಿಯನ್ನೂ ಸ್ವಾಧೀನಪಡಿಸಿಕೊಳ್ಳಲು ಮುಂದಾಯಿತು. ನಿಗದಿಪಡಿಸಿದ ಪರಿಹಾರ 11 ಕೋಟಿ ರೂಪಾಯಿ, ಅಂದರೆ ಎಕರೆಗೆ ಎರಡೂಕಾಲು ಲಕ್ಷಕ್ಕೆ ತುಸು ಹೆಚ್ಚು. ಮರುವರ್ಷ ಹೈಕೋರ್ಟ್ ಶಾಸನವನ್ನು ಎತ್ತಿಹಿಡಿಯಿತು. ರಾಜಮನೆತನ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2005ರಲ್ಲಿ ಅರಮನೆಯನ್ನು ಸಾರ್ವಜನಿಕ ವೀಕ್ಷಣೆಗೆ ತೆರೆದರು. ತೀರ್ಪು ಕಾಣದೆಯೇ 2013ರಲ್ಲಿ ಅವರು ನಿಧನರಾದರು.

ವಿವಾದಕ್ಕೆ ಹೊಸ ತಿರುವು ನೀಡಿದ್ದು ರಸ್ತೆ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳ ವಿಸ್ತರಣೆಗೆ ಬೇಕಾದ 15 ಎಕರೆಗೆ ಬದಲಾಗಿ, ಬೇರೆಡೆ ಕಟ್ಟಡ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ಹಕ್ಕುಪತ್ರ, ಅಂದರೆ ಟಿಡಿಆರ್, ನೀಡುವಂತೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ಅದರ ಮೌಲ್ಯ 3,011 ಕೋಟಿ ರೂಪಾಯಿ ಎಂಬ ಲೆಕ್ಕ ಸರ್ಕಾರದ್ದು. ಎಕರೆಗೆ ಸುಮಾರು 200 ಕೋಟಿ! ಈ ಹೊರೆಯಿಂದ ಪಾರಾಗಲು ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ಅದಕ್ಕೆ ಶಾಸನದ ರೂಪ ನೀಡಿತು.

ಪ್ರಶ್ನೆ ಯಾರದು?

ಸ್ವಂತ ಹಣದಿಂದ ಕೊಂಡ ಮನೆ ಉಳಿದ ಪ್ರಜೆಗಳ ಮನೆಯಂತೆಯೇ ಖಾಸಗಿ ಎಂಬುದು ಒಂದು ವಾದ. ಮಹಾನಗರದ ನಡುವೆ ಉಳಿದಿರುವ ಇಷ್ಟು ವಿಶಾಲ ಬಯಲು ಮತ್ತು ಪರಂಪರೆಯ ಕಟ್ಟಡ ಸಾರ್ವಜನಿಕರಿಗೆ ಸೇರಬೇಕೆಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ 472 ಎಕರೆಗೆ 11 ಕೋಟಿ, 15 ಎಕರೆಗೆ 3,011 ಕೋಟಿ ಎಂಬ ಎರಡು ಅಂಕಿಗಳು ಒಂದೇ ನೆಲದ ಬೆಲೆಯಾಗಿ ಹೊಂದಿಕೊಳ್ಳುವುದು ಕಷ್ಟ. ಮೊದಲನೆಯದು ಉಳಿದರೆ ನಷ್ಟ ಕುಟುಂಬಕ್ಕೆ. ಎರಡನೆಯದು ಉಳಿದರೆ ಹೊರೆ ತೆರಿಗೆದಾರನಿಗೆ. 40 ಸಾವಿರ ರೂಪಾಯಿಗೆ ಕುದುರಿದ ವ್ಯವಹಾರವೊಂದು ನಾಡಿನ ಮುಂದಿಟ್ಟಿರುವ ಲೆಕ್ಕ ಇದು.