ಪೊರೆಯೊಳಗಿನ ಬದುಕು

ಚಲನೆ, ಪೋಷಣೆ, ಉಸಿರಾಟ, ಬೆಳವಣಿಗೆ, ವಿಸರ್ಜನೆ, ಸಂತಾನೋತ್ಪತ್ತಿ ಮುಂತಾಗಿ ಶಾಲಾಪಠ್ಯಗಳು ಪಟ್ಟಿಮಾಡುವ ಜೀವಿಲಕ್ಷಣಗಳು ಒಟ್ಟಾರೆ ಸರಿಯೇ ಆದರೂ, ಒಂದೊಂದನ್ನೇ ಒರೆಗೆ ಹಚ್ಚಿದಾಗ ಯಾವುದೂ ಪೂರ್ತಿ ನಿಲ್ಲುವುದಿಲ್ಲ. ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆಯ ಹರಳು ದಿನೇದಿನೇ ಬೆಳೆಯುತ್ತದೆ. ಹೇಸರಗತ್ತೆ ಸಾಮಾನ್ಯವಾಗಿ ಮರಿಹಾಕದಿದ್ದರೂ ಅದನ್ನು ನಿರ್ಜೀವವೆನ್ನುವವರಿಲ್ಲ. ಆದ್ದರಿಂದ ಸಜೀವ, ನಿರ್ಜೀವಗಳ ಗಡಿಯನ್ನು ಜೀವಕೋಶದ ಮಟ್ಟದಲ್ಲೇ ಹುಡುಕುವುದು ಲೇಸು.

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಪದರದಲ್ಲಿ ಕಂಡು ಹೆಸರಿಟ್ಟ ಕೋಶಗಳಲ್ಲಿ ಜೀವವಿರಲಿಲ್ಲ; ಅವು ಸತ್ತ ಕೋಶಗಳ ಗೋಡೆಗಳು, ಅಂದರೆ ಕೋಶಭಿತ್ತಿಗಳು ಮಾತ್ರ. ಸತ್ತ ಕೋಶಕ್ಕೂ ಬದುಕಿರುವ ಕೋಶಕ್ಕೂ ಇರುವ ವ್ಯತ್ಯಾಸವನ್ನು ಪ್ರೌಢಶಾಲೆಯ ಪ್ರಯೋಗವೊಂದು ಸೊಗಸಾಗಿ ತೋರಿಸುತ್ತದೆ. ರಿಯೋ ಗಿಡದ ಎಲೆಯ ನೇರಳೆ ಬಣ್ಣದ ಕೆಳಮೈಯಿಂದ ಸಿಪ್ಪೆ ಸುಲಿದು, ಗಾಜಿನ ಪಟ್ಟಿಯ ಮೇಲಿಟ್ಟು, ಗಾಢವಾದ ಉಪ್ಪುನೀರಿನ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಲವೇ ನಿಮಿಷಗಳಲ್ಲಿ ಪ್ರತಿ ಕೋಶದ ನೇರಳೆ ರಸ ಗೋಡೆಯಿಂದ ಬಿಡಿಸಿಕೊಂಡು ನಡುವಿಗೆ ಮುದುಡುತ್ತದೆ. ಒಳಗಿನ ನೀರು ಪೊರೆಯ ಮೂಲಕ ಹೊರಗಿನ ಉಪ್ಪಿನತ್ತ ಸಾಗುವ ಈ ಕ್ರಿಯೆಗೆ ಅಭಿಸರಣೆ ಎಂದು ಹೆಸರು. ಅದೇ ಎಲೆಯನ್ನು ಮೊದಲೇ ಕುದಿಸಿದ್ದರೆ ಬಣ್ಣ ನೀರಿಗಿಳಿದಿರುತ್ತದೆ, ಎಷ್ಟು ಉಪ್ಪು ಸುರಿದರೂ ಮುದುಡುವುದು ಕಾಣುವುದಿಲ್ಲ. ಗೋಡೆ ಗಟ್ಟಿಯಾಗಿಯೇ ಉಳಿದರೂ, ಆಯ್ದು ಒಳಬಿಡುವ ಪೊರೆ ಶಾಖಕ್ಕೆ ಹಾಳಾಗಿರುತ್ತದೆ.

ಈ ಕೋಶಪೊರೆ ಸುಮಾರು 7ರಿಂದ 10 ನ್ಯಾನೊಮೀಟರ್ ದಪ್ಪವಿದ್ದು, ಶಾಲೆಯ ಸೂಕ್ಷ್ಮದರ್ಶಕಕ್ಕೆ ಕಾಣಿಸದು; ಅದರ ಇರವು ಅದು ಮಾಡುವ ಕೆಲಸದಿಂದಲೇ ತಿಳಿಯಬೇಕು. ಮನುಷ್ಯನ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಶಕ್ತಿಯ ಉತ್ಪಾದನೆಗೆ ನೆರವಾಗುವ ಮೈಟೊಕಾಂಡ್ರಿಯವೂ ಇಲ್ಲ, ಅದು ವಿಭಜಿಸಲಾರದು. ಆದರೂ ಸುಮಾರು 120 ದಿನ ಬಾಳುತ್ತದೆ; ಗ್ಲೂಕೋಸನ್ನು ಆಮ್ಲಜನಕವಿಲ್ಲದೆಯೇ ಒಡೆದು ಪಡೆದ ಶಕ್ತಿಯಿಂದ, ಪೊರೆಯಲ್ಲಿರುವ ಪ್ರೋಟೀನ್ ಪಂಪ್ ಪ್ರತಿ ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಸೆಳೆಯುತ್ತದೆ. ರಕ್ತನಿಧಿಯ ಶೈತ್ಯದಲ್ಲಿ ಈ ಪಂಪ್ ಮಂದವಾಗುವುದರಿಂದ, ರಕ್ತ ಹಳೆಯದಾದಷ್ಟೂ ಪೊಟ್ಯಾಸಿಯಂ ಕಣಗಳಿಂದ ಸೋರಿ ಸುತ್ತಲಿನ ದ್ರವವನ್ನು ಸೇರುತ್ತದೆ.

ಒಳಗನ್ನು ಹೊರಗಿನಿಂದ ಬೇರೆಯಾಗಿ ಉಳಿಸಿಕೊಳ್ಳಲು ಎಡೆಬಿಡದೆ ಶಕ್ತಿ ವ್ಯಯಿಸುವುದೇ ಅಳತೆಗೋಲಾದರೆ ವೈರಸ್ ಅದಕ್ಕೆ ನಿಲುಕದು: ಕೆಲವು ವೈರಸ್‌ಗಳಿಗೆ ಪೊರೆಯಿದ್ದರೂ ಅದು ಆತಿಥೇಯ ಕೋಶದಿಂದ ಕದ್ದದ್ದು, ಅದನ್ನು ಕಾಯುವ ಶಕ್ತಿಯೂ ಅವುಗಳಿಗಿಲ್ಲ. ಕೋಶದ ಹೊರಗಿರುವ ವೈರಸನ್ನು ಜೀವಿಗಳ ಸಾಲಿನಿಂದ ಆಚೆ ಇಡುವುದೇ ಸರಿ.